ಎಜಿಯೊನ ಕಿಂಡಿ

ಸ್ಟಾರಿ ದ್ರೆನ್, ಬಾನಿಯಾ
9 ಜನವರಿ 2021

ಗೌರವಾನ್ವಿತ ನಿವೆಸ್ ಅವರಿಗೆ,

ನನ್ನ ಹೆಸರು ಸಾವ್ಕಾ. ನಿಮ್ಮ ಕ್ಯಾಂಪರ್ ವ್ಯಾನಿನಲ್ಲಿ ಈಗ ನಾನೂ ನನ್ನ ಗಂಡ ಗೋಯ್ಕೊನೂ ವಾಸವಾಗಿದ್ದೇವೆ. ಭೂಕಂಪದಲ್ಲಿ ಮನೆ ಕಳೆದುಕೊಂಡವರಿಗೆಂದು ನೀವು ಕೊಟ್ಟ ಗಾಡಿ ಕ್ರಿಸ್‌ಮಸ್ಸಿನ ಹಿಂದಿನ ದಿನ, ಅಂದರೆ ಜನವರಿಯಲ್ಲಿ ಬರುವ ನಮ್ಮ ಕ್ರಿಸ್‌ಮಸ್ಸಿನ ಹಿಂದಿನ ದಿನ, ಲಾರಿಯ ಮೇಲೆ ಬಂದು ನಮ್ಮ ಅಂಗಳದಲ್ಲಿ ಇಳಿಯಿತು. ಸಕ್ಕರೆ ಡಬ್ಬಿಯೊಳಗೆ ನಿಮ್ಮ ಚೀಟಿ ಸಿಕ್ಕಿತು. 'ಏನು ಕೆಟ್ಟರೂ ನನಗೆ ಬರೆಯಿರಿ, ನಾಚಿಕೊಳ್ಳಬೇಡಿ' ಎಂದಿದ್ದೀರಿ. ನಾನು ನಾಚಿಕೊಳ್ಳುವವಳಲ್ಲ. ಆದರೆ ಫೋನು ಮಾಡುವವಳೂ ಅಲ್ಲ, ನನಗೆ ಕಿವಿ ಮಂದ. ಫೋನಿನಲ್ಲಿ ಯಾರು ಮಾತಾಡಿದರೂ ಬಾವಿಗೆ ಬಿದ್ದವರು ಕೂಗಿದ ಹಾಗೆ ಕೇಳಿಸುತ್ತದೆ. ಅದಕ್ಕೇ ಈ ಕಾಗದ.

ನಮ್ಮ ಮನೆ ನಿಂತೇ ಇದೆ. ಆದರೆ ಬಾಗಿಲಿಗೆ ಕೆಂಪು ಚೀಟಿ ಅಂಟಿಸಿ ಹೋಗಿದ್ದಾರೆ, ಒಳಗೆ ಕಾಲಿಡುವಂತಿಲ್ಲ. ಹೊಗೆಗೂಡು ನಾವು ಮಲಗುವ ಮಂಚದ ಮೇಲೇ ಬಿದ್ದಿದೆ. ಆ ಹೊತ್ತಿನಲ್ಲಿ ಇಬ್ಬರೂ ಕೊಟ್ಟಿಗೆಯಲ್ಲಿದ್ದೆವು, ನಮ್ಮ ಹಸು ರುಮೆಂಕಾಳ ದಯೆ. ಊರಿನ ಉಳಿದವರೆಲ್ಲ ಪೇಟೆಯ ಕ್ರೀಡಾಂಗಣಕ್ಕೋ ನೆಂಟರ ಮನೆಗೋ ಹೋದರು. ಗೋಯ್ಕೊ ಮಾತ್ರ ಹಠ ಹಿಡಿದು ಕೂತ. 'ಹಸೂನ ಬಿಟ್ಟು ಎಲ್ಲಿಗೆ ಹೋಗ್ಲಿ? ಅದಕ್ಕೂ ಅಲ್ಲಿ ಒಂದು ಹಾಸಿಗೆ ಹಾಕಿಕೊಡ್ತಾರಾ, ಕೇಳ್ಕೊಂಡು ಬಾ' ಅಂದ.

ಈಗ ವಿಷಯಕ್ಕೆ ಬರುತ್ತೇನೆ. ಗಾಡಿಯ ಹೀಟರ್ ಸಂಜೆ ಚೆನ್ನಾಗಿ ಉರಿಯುತ್ತದೆ, ಬೆಳಗಾಗುವಷ್ಟರಲ್ಲಿ ಆರಿರುತ್ತದೆ. ಸಿಲಿಂಡರ್ ಖಾಲಿಯಾಗಿಲ್ಲ. ಅಲ್ಲಾಡಿಸಿದರೆ ಒಳಗೆ ಕುಲುಕುವುದು ಕೈಗೆ ಗೊತ್ತಾಗುತ್ತದೆ. ಆದರೂ ಉರಿ ಬರುವುದಿಲ್ಲ. ನಿಮ್ಮ ಯಜಮಾನರಿಗೆ ಇದರ ಮರ್ಮ ಗೊತ್ತಿದ್ದರೆ ದಯವಿಟ್ಟು ಕೇಳಿ ತಿಳಿಸಿ. ಗೋಯ್ಕೊ ಇಟ್ಟಿಗೆ ಭಟ್ಟಿಯಲ್ಲಿ ಆಯುಷ್ಯ ಸವೆಸಿದವನು. ಧೂಳು ಕುಡಿದ ಎದೆ ಅದು, ಚಳಿ ತಡೆಯುವುದಿಲ್ಲ. ಅವನನ್ನು ಬೆಚ್ಚಗಿಟ್ಟು ಈ ಚಳಿಗಾಲ ದಾಟಿಸಿದರೆ ನನಗೆ ಅಷ್ಟೇ ಸಾಕು. ವಸಂತಕ್ಕೆ ಕಂಟೇನರ್ ಮನೆ ಬರುತ್ತದಂತೆ.

ನಿಮ್ಮ ಪರದೆಗಳು ಬಹಳ ಚಂದ. ಲಂಗರು, ಚಿಪ್ಪು, ನಕ್ಷತ್ರಮೀನು. ಪರದೆ ಸರಿಸಿದರೆ ಹೊರಗೆ ಮೊಣಕಾಲುದ್ದ ಹಿಮ.

ಇಂತಿ,
ಸಾವ್ಕಾ

•

ಫಜಾನಾ, ಇಸ್ಟ್ರಿಯಾ
14 ಜನವರಿ 2021

ಪ್ರಿಯ ಸಾವ್ಕಾ ಅವರೇ,

ನಿಮ್ಮ ಕಾಗದ ಬಂದದ್ದು ನೋಡಿ ಮನೆಯಿಡೀ ಓಡಾಡಿಬಿಟ್ಟೆ. ಚೀಟಿ ಇಟ್ಟೆನೇ ಹೊರತು ಯಾರಾದರೂ ಬರೆಯುತ್ತಾರೆಂದು ನಾನು ಅಂದುಕೊಂಡಿರಲಿಲ್ಲ.

ಸಿಲಿಂಡರಿನ ವಿಷಯ. ನನ್ನ ಎಜಿಯೊ ಹೇಳುತ್ತಾನೆ, ಅದು ನಮ್ಮ ಕರಾವಳಿಯ ಗ್ಯಾಸ್, ಬೇಸಿಗೆಯ ಸೋಮಾರಿ ಗ್ಯಾಸ್, ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಅದು ದ್ರವವಾಗಿಯೇ ಮಲಗಿಬಿಡುತ್ತದೆ, ಮೇಲೆ ಏಳುವುದಿಲ್ಲ. ನಿಮ್ಮ ಪೇಟೆಯಲ್ಲಿ ಬರೀ ಪ್ರೊಪೇನ್ ತುಂಬಿದ ಸಿಲಿಂಡರ್ ಕೇಳಿ ತರಿಸಿಕೊಳ್ಳಿ. ಅದು ಬರುವವರೆಗೆ ಇದನ್ನೇ ಉಗುರುಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ನಿಲ್ಲಿಸಿ. ಬಿಸಿನೀರಲ್ಲ, ಉಗುರುಬೆಚ್ಚಗೆ. 'ಮಗೂಗೆ ಸ್ನಾನ ಮಾಡಿಸೋವಷ್ಟು ಬಿಸಿ ಸಾಕು ಅಂತ ಬರಿ, ಇಲ್ಲಾಂದ್ರೆ ಗಾಡಿ ಸಮೇತ ಚಂದ್ರಲೋಕಕ್ಕೆ ಹೋಗ್ತಾರೆ' ಅನ್ನುತ್ತಾನೆ ಎಜಿಯೊ. ಅವನ ಮಾತೇ ಹಾಗೆ, ಬೇಜಾರು ಮಾಡಿಕೊಳ್ಳಬೇಡಿ.

ಇನ್ನೊಂದು ಮಾತು, ಇದು ಮುಖ್ಯ. ಬಾಗಿಲ ಹತ್ತಿರ ನೆಲದಲ್ಲಿ ಅಂಗೈಯಗಲದ ಒಂದು ಕಿಂಡಿ ಇದೆ, ಕಾಲೊರಸಿನ ಕೆಳಗೆ ನೋಡಿ. ಚಾವಣಿಯಲ್ಲಿ ಒಂದು ಮುಚ್ಚಳ ಇದೆ. ಕಿಂಡಿಯನ್ನು ಯಾವತ್ತೂ ಮುಚ್ಚಬಾರದು, ಚಾವಣಿಯ ಮುಚ್ಚಳ ಎರಡು ಬೆರಳಷ್ಟು ತೆರೆದೇ ಇರಬೇಕು. ಉರಿಯುವ ಗ್ಯಾಸು ಗಾಡಿಯೊಳಗಿನ ಗಾಳಿಯನ್ನೆಲ್ಲ ತಿಂದು ವಿಷ ಮಾಡಿಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ವಾಸನೆಯೂ ಇಲ್ಲ. ಎಜಿಯೊ ಈ ವಿಷಯದಲ್ಲಿ ಮಾತ್ರ ತಮಾಷೆ ಮಾಡುವುದಿಲ್ಲ.

ಜೊತೆಗೆ ಒಂದು ಪೊಟ್ಟಣ ಕಳಿಸಿದ್ದೇನೆ. ಉಣ್ಣೆ ಹೊದಿಕೆ, ಒಣ ಅಂಜೂರ, ಗೋಯ್ಕೊ ಅವರಿಗೆ ಒಂದು ಶೀಸೆ ದ್ರಾಕ್ಷಿಯ ಮದ್ಯ. ರುಮೆಂಕಾಳಿಗೆ ಏನು ಕಳಿಸಬೇಕೋ ಗೊತ್ತಾಗಲಿಲ್ಲ.

ನಿಮ್ಮ,
ನಿವೆಸ್

•

ಸ್ಟಾರಿ ದ್ರೆನ್
21 ಜನವರಿ 2021

ಪ್ರಿಯ ನಿವೆಸ್ ಅವರೇ,

ಪೊಟ್ಟಣ ಬಂತು. ಅಂಚೆಯ ಟೊಮೊ ಅದನ್ನು ಹಿಮದಲ್ಲಿ ಹೊತ್ತು ತಂದು, 'ನಿಮಗೂ ಸಮುದ್ರದ ಕಡೆ ನೆಂಟರು ಹುಟ್ಕೊಂಡ್ರಾ ಸಾವ್ಕಮ್ಮಾ' ಎಂದು ಹಂಗಿಸಿ, ಎರಡು ಅಂಜೂರ ತಿಂದು ಹೋದ. ಪ್ರೊಪೇನನ್ನೂ ಅವನೇ ತರಿಸಿಕೊಟ್ಟ. ಉರಿ ಈಗ ನೀಲಿಯಾಗಿ ನಿಲ್ಲುತ್ತದೆ. ಎಜಿಯೊ ಅವರ ಕೈಗೆ ನನ್ನ ಮುತ್ತು.

ಹೀಟರ್ ಒಂದೇ ಸಾಲದೆ ಒಲೆಯ ಎರಡೂ ಉರಿಯನ್ನು ಹಚ್ಚಿಡುತ್ತೇನೆ. ಹೊರಗೆ ಬಕೆಟ್ಟಿನ ನೀರು ತಳದವರೆಗೆ ಕಲ್ಲಾಗುತ್ತಿದೆ.

ಆದರೆ ಕಿಂಡಿಯ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ನೆಲದಲ್ಲಿ ಒಂದು ಕಂಡಿ, ಚಾವಣಿಯಲ್ಲಿ ಒಂದು ಕಂಡಿ, ನಡುವೆ ಮಂಚ. ಇದಕ್ಕೆ ನಿಮ್ಮ ಕಡೆಯೂ 'ಪ್ರೊಮಾಯಾ' ಅಂತಲೇ ಅನ್ನುತ್ತೀರಿ ತಾನೆ? ಎರಡು ಕಂಡಿಗಳ ನಡುವೆ ಹಾಯುವ ಗಾಳಿ. ನನ್ನ ಅತ್ತೆಯ ಮುಖ ಅದರಿಂದಲೇ ಒಂದು ಕಡೆಗೆ ವಾಲಿತು. ನನ್ನ ಅಣ್ಣ ರೈಲಿನಲ್ಲಿ ಎದುರುಬದುರು ಕಿಟಕಿ ತೆರೆದು ಕೂತು ಬಂದು ವಾರದೊಳಗೆ ಹೋದ. ಬಸ್ಸಿನಲ್ಲಿ ಯಾರಾದರೂ ಎರಡನೇ ಕಿಟಕಿ ತೆರೆದರೆ ನಾವು ಜಗಳಕ್ಕೆ ಹೋಗುವ ಜನ. ಅಂಥದ್ದರಲ್ಲಿ ಗೋಯ್ಕೊನ ಕುತ್ತಿಗೆಯ ಮೇಲೆಯೇ ಅದು ಹಾಯುತ್ತಿದೆ. ಮೊನ್ನೆ ತಡೆಯಲಾರದೆ ಕಿಂಡಿಗೆ ಬಟ್ಟೆ ತುರುಕಿದೆ. ಗಾಡಿ ಬ್ರೆಡ್ಡಿನ ಒಲೆಯ ಹಾಗೆ ಬೆಚ್ಚಗಾಯಿತು. ಅವನು ಕೂಡ, 'ಇವತ್ತು ನಿದ್ದೆ ಅಂದ್ರೆ ನಿದ್ದೆ ಕಣೇ' ಅಂದ. ಬೆಳಿಗ್ಗೆ ಇಬ್ಬರಿಗೂ ತಲೆ ಸಿಡಿಯುತ್ತಿತ್ತು. ನಮ್ಮ ಬೆಕ್ಕು ಕುಡಿದವರ ಹಾಗೆ ತೂರಾಡಿಕೊಂಡು ಹೊರಗೆ ಹೋಯಿತು. ಚಾವಣಿಯ ಮುಚ್ಚಳ ಇನ್ನೂ ತೆರೆದಿತ್ತಲ್ಲ, ಆ ಗಾಳಿಗೇ ತಲೆನೋವು ಬಂದಿರಬೇಕು. ಅದನ್ನೂ ಮುಚ್ಚಬಹುದೋ ಎಂದು ಎಜಿಯೊ ಅವರನ್ನು ಕೇಳಿ ನೋಡಿ. ಸಮುದ್ರದ ಕಡೆಯವರು, ನಮ್ಮ ಗಾಳಿ ಅವರಿಗೆ ಗೊತ್ತಿರಲಾರದು.

ಇಂತಿ,
ಸಾವ್ಕಾ

•

ಫಜಾನಾ
25 ಜನವರಿ 2021

ಸಾವ್ಕಾ!

ಮರ್ಯಾದೆಯೆಲ್ಲ ಆಮೇಲೆ. ಈ ಸಾಲು ಓದಿದ ತಕ್ಷಣ ಎದ್ದು ಆ ಬಟ್ಟೆ ಕಿತ್ತು ಬಿಸಾಡು. ಬಿಸಾಡಿದೆಯಾ? ಈಗ ಮುಂದೆ ಓದು.

ಅದು ಗಾಳಿಯ ತಲೆನೋವಲ್ಲ, ವಿಷದ ತಲೆನೋವು. ಬೆಕ್ಕಿಗೆ ನಿನಗಿಂತ ಬುದ್ಧಿ ಇದೆ, ಅದು ಹೊರಗೆ ಹೋಯಿತು. ಎಜಿಯೊ ಮೇಜು ಗುದ್ದಿ, 'ಆ ಹೆಂಗಸಿಗೆ ಹೇಳು, ಚಳಿಗೆ ಸ್ವೆಟರ್ ಹಾಕ್ಕೋಬಹುದು, ಹೆಣಕ್ಕೆ ಏನು ಹಾಕ್ತಾಳಂತೆ?' ಅಂದ. ಒರಟು ಮಾತು, ಆದರೆ ಇದ್ದ ಹಾಗೆ ಬರೆದಿದ್ದೇನೆ.

ಕಾಲೊರಸು ಪೂರ್ತಿ ಎತ್ತಿ ನೋಡು. ಕಿಂಡಿಯ ಪಕ್ಕದ ಹಲಗೆಯ ಮೇಲೆ ದೋಣಿಗೆ ಬಳಿಯುವ ನೀಲಿ ಬಣ್ಣದಲ್ಲಿ ಎಜಿಯೊ ಬರೆದಿದ್ದಾನೆ: 'ನನ್ನ ಬಾಯಿ ಮುಚ್ಚಬೇಡಿ.' ನಾನೂ ಒಂದು ಮಳೆಯ ದಿನ ಅದರ ಮೇಲೆ ಚೀಲ ಇಟ್ಟಿದ್ದೆ, ಅದಕ್ಕೇ ಬರೆದದ್ದು. ಮದುವೆಯಾದ ಮೇಲೆ ಅವನು ನನ್ನ ಮೇಲೆ ನಿಜವಾಗಿ ಕೂಗಾಡಿದ್ದು ಅವತ್ತೊಂದೇ ದಿನ.

ಪ್ರೊಮಾಯಾ ನನಗೂ ಗೊತ್ತು, ನನ್ನ ಅಮ್ಮನೂ ಅದೇ ಹೇಳಿ ಹೆದರಿಸುತ್ತಿದ್ದಳು. ಗೋಯ್ಕೊನ ಕುತ್ತಿಗೆಗೆ ಶಾಲು ಸುತ್ತು. ತಲೆದಿಂಬು ಆಚೆ ಕಡೆಗೆ ಹಾಕು. ಚಾಲಕನ ಸೀಟಿನ ಹಿಂದೆ ದಪ್ಪ ಕಂಬಳಿ ಕಟ್ಟು, ಚಳಿಯೆಲ್ಲ ಮುಂದಿನ ಗಾಜಿನಿಂದಲೇ ಬರುವುದು. ಕಿಂಡಿಯನ್ನು ಮಾತ್ರ ಮುಟ್ಟಬೇಡ. ನನಗೆ ಮಾತು ಕೊಟ್ಟು ಬರೆ.

ನಿವೆಸ್

•

ಸ್ಟಾರಿ ದ್ರೆನ್
1 ಫೆಬ್ರುವರಿ 2021

ಪ್ರೀತಿಯ ನಿವೆಸ್,

ನೀನು ನನ್ನನ್ನು 'ನೀನು' ಅಂದೆ, ನಾನೂ ಅನ್ನುತ್ತೇನೆ. ಬೈಯುವವರು ನೆಂಟರೇ ಆಗಿರಬೇಕು.

ಬಟ್ಟೆ ತೆಗೆದೆ. ಗೋಯ್ಕೊನ ತಲೆಯ ಮೇಲೆ ಕೈಯಿಟ್ಟು ಮಾತು ಕೊಡುತ್ತಿದ್ದೇನೆ, ಇನ್ನು ಮುಚ್ಚುವುದಿಲ್ಲ. ನೀಲಿ ಬರಹ ಸಿಕ್ಕಿತು. ಅದನ್ನು ಗೋಯ್ಕೊನಿಗೆ ಓದಿ ಹೇಳಿದಾಗಿನಿಂದ ಈ ಗಾಡಿಯಲ್ಲಿ ನಾವು ಮೂವರಾಗಿದ್ದೇವೆ. ಮಲಗುವ ಮುಂಚೆ ಅವನು ಕಿಂಡಿಯ ಕಡೆ ಬಗ್ಗಿ, 'ಎಜಿಯೊ, ಬಾಯಿ ತೆಕ್ಕೊಂಡೇ ಮಲಗೋ ಅಭ್ಯಾಸ ನಿಂಗೆ ಒಳ್ಳೇದಲ್ಲಪ್ಪಾ, ನೊಣ ಹೋಗುತ್ತೆ' ಎಂದು ದಿನಾ ಹೇಳುತ್ತಾನೆ. ಆಮೇಲೆ ತಾನೇ ನಕ್ಕು ಕೆಮ್ಮುತ್ತಾನೆ. ಕೆಮ್ಮು ತಂಬಾಕಿನದು, ಹೊಸದೇನಲ್ಲ.

ಕಂಬಳಿ ಕಟ್ಟಿದೆ, ಪರವಾಗಿಲ್ಲ ಅನ್ನಿಸಿತು. ಹಾಸಿಗೆಯ ಅಡಿ ನೀರೂರಿ ಬೂಷ್ಟು ಹಿಡಿಯುತ್ತಿತ್ತು. ಅದಕ್ಕೆ ನನ್ನದೇ ಒಂದು ಉಪಾಯ ಮಾಡಿದೆ. ಹೇಜಲ್ ಪೊದೆಯ ಬರಲು ಕಡಿದು ತಂದು ಬುಟ್ಟಿ ಹೆಣೆದ ಹಾಗೆ ಹೆಣೆದು ಕೆಳಗೆ ಹಾಸಿದೆ. ಈಗ ಅಡಿಯಲ್ಲಿ ಗಾಳಿಯಾಡಿ ಹಾಸಿಗೆ ಒಣಗಿಯೇ ಇರುತ್ತದೆ. ಎಜಿಯೊನಿಗೆ ಹೇಳು, ನಾನೂ ಅಷ್ಟೇನೂ ದಡ್ಡಿಯಲ್ಲ.

ನಿನ್ನೆ ನೆಲ ಮತ್ತೆ ಕುಲುಕಿತು. ಗಾಡಿಗೆ ಚಕ್ರ ಇದೆಯಲ್ಲ, ತೊಟ್ಟಿಲಿನ ಹಾಗೆ ತೂಗಿ ಸುಮ್ಮನಾಯಿತು. ಮನೆಯೊಳಗೆ ಏನೋ ಬಿದ್ದ ಸದ್ದು ಗೋಯ್ಕೊನಿಗೆ ಕೇಳಿಸಿತಂತೆ, ನನಗೆ ಕೇಳಿಸಲಿಲ್ಲ.

ಈಸ್ಟರ್‌ಗೆ ನೀವಿಬ್ಬರೂ ಬರಬೇಕು. ಗೋಯ್ಕೊನಿಗೆ ಎಜಿಯೊನ ಹತ್ತಿರ ಗಾಡಿಯ ಇಂಜಿನ್ ಬಗ್ಗೆ ಮಾತಾಡುವುದಿದೆಯಂತೆ. ಕುರಿಮರಿ ಸುಡೋಣ.

ನಿನ್ನ,
ಸಾವ್ಕಾ

•

ಫಜಾನಾ
6 ಫೆಬ್ರುವರಿ 2021

ನನ್ನ ಸಾವ್ಕಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನೊಣದ ಮಾತಿಗೆ ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕೆ. ಒಬ್ಬಳೇ ಅಂದರೆ, ಎಜಿಯೊ ಮೀನು ಹಿಡಿಯಲು ಹೋಗಿದ್ದ. ಬಂದ ಮೇಲೆ ಅವನಿಗೂ ಓದಿ ಹೇಳಿದೆ. 'ಆ ಮುದುಕನ್ಗೆ ಹೇಳು, ನನ್ನ ಬಾಯಿ ಬಗ್ಗೆ ನನ್ನ ಹೆಂಡ್ತೀನೇ ಮೂವತ್ತು ವರ್ಷ ದೂರು ಹೇಳಿದಾಳೆ, ಅವನದೇನು ಹೊಸದು' ಅಂದ. ಹೇಜಲ್ ಬರಲಿನ ಉಪಾಯಕ್ಕೆ ಭೇಷ್ ಅಂದಿದ್ದಾನೆ. ಅವನ ಬಾಯಲ್ಲಿ ಆ ಮಾತು ಬರುವುದೇ ಅಪರೂಪ.

ಇಂಜಿನ್ ವಿಷಯ ಮಾತಾಡಲು ಅವನಿಗೂ ಆಸೆಯೇ. ಆದರೆ ಈಸ್ಟರ್‌ಗೆ ಬರುವುದರ ಬಗ್ಗೆ ಈಗಲೇ ಏನೂ ಹೇಳಲಾರೆ. ಅವನ ಕಾಲು ಮೊದಲಿನ ಹಾಗಿಲ್ಲ. ಚಪ್ಪಲಿ ಬಾಗಿಲಲ್ಲೇ ಇರುತ್ತದೆ, ಹಾಕಿಕೊಳ್ಳುವುದೇ ಕಡಿಮೆ.

ರೇಡಿಯೊದಲ್ಲಿ ನಿಮ್ಮ ಕಡೆ ಇನ್ನೊಂದು ದೊಡ್ಡ ಚಳಿ ಬರುತ್ತದೆ ಎಂದರು. ಕಿಟಕಿಗಳಿಗೆ ಒಳಗಿನಿಂದ ಬೆಳ್ಳಿಕಾಗದದ ಚಾಪೆ ಅಂಟಿಸು, ಎರಡು ಕಳಿಸಿದ್ದೇನೆ. ಬೆಳಿಗ್ಗೆ ಗಾಜಿನ ನೀರು ಒರೆಸಿ ಬಟ್ಟೆಯನ್ನು ಹೊರಗೆ ಹಿಂಡು. ಒದ್ದೆ ಬಟ್ಟೆ ಒಳಗೆ ಒಣಹಾಕಬೇಡ. ಮಲಗುವ ಮುಂಚೆ ಇಟ್ಟಿಗೆ ಕಾಯಿಸಿ ಬಟ್ಟೆ ಸುತ್ತಿ ಕಾಲ ಬುಡದಲ್ಲಿ ಇಡು. ನಿಮ್ಮ ಮನೆಯಲ್ಲಿ ಇಟ್ಟಿಗೆಗೆ ಬರವಿರಲಾರದು. ಎಜಿಯೊ ಹೇಳುತ್ತಾನೆ, ಆ ಗಾಡಿ ನಿಮ್ಮನ್ನು ಕೈಬಿಡುವುದಿಲ್ಲ. ಇನ್ನು ಸ್ವಲ್ಪ ದಿನ ತಡೆದುಕೊಳ್ಳಿ, ಮಾರ್ಚ್ ಬಂದರೆ ಗೆದ್ದ ಹಾಗೆ.

ನಿನ್ನ,
ನಿವೆಸ್

•

ಫಜಾನಾ
18 ಫೆಬ್ರುವರಿ 2021

ಸಾವ್ಕಾ,

ಚಾಪೆ ತಲುಪಿತೇ? ಎರಡು ಸಾಲಾದರೂ ಬರೆ. ಎಜಿಯೊ ದಿನಾ ಅಂಚೆ ಪೆಟ್ಟಿಗೆ ನೋಡಿ ಬಾ ಅನ್ನುತ್ತಾನೆ.

ನಿವೆಸ್

•

ಸ್ಟಾರಿ ದ್ರೆನ್
24 ಫೆಬ್ರುವರಿ 2021

ನಿವೆಸ್,

ಗೋಯ್ಕೊ ಹೋದ. ದೊಡ್ಡ ಚಳಿಯ ಕೊನೆಯ ದಿನ, ಬೆಳಿಗ್ಗೆ, ನಾನು ಹಾಲು ಕರೆದು ಬರುವಷ್ಟರಲ್ಲಿ.

ನಿನಗೆ ಬರೆಯದೆ ಬಿಟ್ಟದ್ದು ಇದೆ. ಕೆಮ್ಮು ತಂಬಾಕಿನದಾಗಿರಲಿಲ್ಲ. ತಿಂಗಳ ಮೊದಲಿನಿಂದಲೇ ಜ್ವರ ಬರುತ್ತಿತ್ತು. ರಾಕಿಯಾ ಸಾರಾಯಿಯಲ್ಲಿ ಅದ್ದಿದ ಕಾಲುಚೀಲ ಹಾಕಿದರೆ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಆಂಬುಲೆನ್ಸ್ ಕರೆಸುತ್ತೇನೆ ಅಂದರೆ ನನ್ನ ತೋಳು ಹಿಡಿದುಕೊಂಡು, 'ಬೇಡ್ವೇ. ಅಲ್ಲಿ ಈಗ ಯಾರನ್ನೂ ಒಳಗೆ ಬಿಡಲ್ಲ. ಮುಖಕ್ಕೆ ಬಟ್ಟೆ ಕಟ್ಟಿದೋರ ಮಧ್ಯೆ ಸಾಯೋಕಿಂತ ಎಜಿಯೊ ಜೊತೆ ಸಾಯ್ತೀನಿ' ಅಂದ. ನಾನು ನಕ್ಕುಬಿಟ್ಟೆ. ನಗಬಾರದಿತ್ತು, ಕರೆಸಬೇಕಿತ್ತು.

ಡಾಕ್ಟರು ಬಂದು ನೋಡಿ, 'ಶ್ವಾಸಕೋಶ ಅಮ್ಮಾ, ಹಳೇ ಧೂಳು' ಅಂದರು. 'ಗಾಳಿ' ಅಂದೆ ನಾನು. ಅವರು ಕಾಗದಕ್ಕೆ ಸಹಿ ಹಾಕಿ ಹೋದರು.

ಕಿಂಡಿ ಕೊನೆಯವರೆಗೂ ತೆರೆದೇ ಇತ್ತು. ಕೊಟ್ಟ ಮಾತು ಉಳಿಸಿಕೊಂಡೆ. ಚಳಿ ಏರಿದ ಮೇಲೆ ಅವನು ಎರಡು ಸಲ, 'ಸಾವ್ಕಾ, ಕಾಲೊರಸು ಎಳೆದುಬಿಡೇ, ಗಾಳಿ ಮೂಳೆಗೆ ಬರ್ತಿದೆ' ಅಂದ. 'ಎಜಿಯೊ ಬೈತಾನೆ' ಅಂದೆ. ಮತ್ತೆ ಕೇಳಲಿಲ್ಲ, ಹೊದಿಕೆ ಎಳೆದುಕೊಂಡ. ಎಜಿಯೊನ ಮಾತು ಅಂದರೆ ಅವನಿಗೆ ಅಷ್ಟು ಮರ್ಯಾದೆ, ಕಾಣದ ಮನುಷ್ಯನ ಮೇಲೆ.

ನಾನು ನಿನ್ನ ಮೇಲೆ ಆಪಾದನೆ ಹೊರಿಸುತ್ತಿಲ್ಲ. ಎಜಿಯೊನನ್ನು ಒಂದೇ ಒಂದು ಮಾತು ಕೇಳಿ ಬರೆ. ಇಂಥ ಚಳಿಯಲ್ಲಿ, ಆ ಕಿಂಡಿ ತೆರೆದಿಟ್ಟುಕೊಂಡು, ಅವನು ಆ ಮಂಚದ ಮೇಲೆ ಮಲಗಿ ಎದ್ದಿದ್ದಾನೆ ತಾನೆ? ಹೌದು ಅಂದರೆ ಸಾಕು. ಹಾಗಾದರೆ ಅದು ಗಾಳಿಯಲ್ಲ, ಡಾಕ್ಟರು ಹೇಳಿದ್ದೇ ನಿಜ ಎಂದುಕೊಂಡು ಮಲಗುತ್ತೇನೆ.

ಸಾವ್ಕಾ

•

ಫಜಾನಾ
2 ಮಾರ್ಚ್ 2021

ಸಾವ್ಕಾ, ನನ್ನ ತಂಗಿ,

ಎರಡು ದಿನದಿಂದ ಕಾಗದ ಬರೆದು ಹರಿಯುತ್ತಿದ್ದೇನೆ. 'ಹೌದು, ಮಲಗಿದ್ದಾನೆ' ಎಂದು ಬರೆದು ಲಕೋಟೆಯನ್ನೂ ಅಂಟಿಸಿದ್ದೆ. ಅಂಚೆಯ ಡಬ್ಬಿಯವರೆಗೆ ಹೋಗಿ ವಾಪಸು ಬಂದೆ. ಸತ್ತ ಮನುಷ್ಯನ ವಿಷಯದಲ್ಲಿ ನಿನಗೆ ಸುಳ್ಳು ಹೇಳಲಾರೆ. ಇಷ್ಟು ದಿನ ಹೇಳಿದ್ದೇ ಸಾಕು.

ಎಜಿಯೊ ಇಲ್ಲ. ಅವನು ತೀರಿಕೊಂಡು ಎರಡು ವರ್ಷ ಕಳೆಯಿತು. ನೀನು ಮೊದಲ ಕಾಗದದಲ್ಲಿ 'ನಿಮ್ಮ ಯಜಮಾನರನ್ನು ಕೇಳಿ' ಎಂದು ಬರೆದಿದ್ದೆ. ಎಷ್ಟೋ ದಿನದ ಮೇಲೆ ಯಾರೋ ಅವನನ್ನು ಕೇಳಿದ್ದರು. ಅವನಿಲ್ಲ ಎಂದು ಬರೆಯಲು ಪೆನ್ನು ಏಳಲಿಲ್ಲ. ಆಮೇಲೆ ಗೋಯ್ಕೊ ಅವನ ಜೊತೆ ಮಾತಾಡತೊಡಗಿದ. ನಿನ್ನ ಕಾಗದ ಬಂದಾಗೆಲ್ಲ ಈ ಮನೆಯಲ್ಲಿ ಒಂದು ಗಂಡಸಿನ ದನಿ ಕೇಳಿದ ಹಾಗಾಗುತ್ತಿತ್ತು. ಬಿಡಲು ಮನಸ್ಸು ಬರಲಿಲ್ಲ ಸಾವ್ಕಾ. ಅಷ್ಟೇ ಇದರ ಕಥೆ.

ಆ ಗಾಡಿ ಚಳಿಗಾಲ ಕಂಡದ್ದೂ ಇಲ್ಲ. ಜೂನಿನಲ್ಲಿ ಹೊರಟು ಸೆಪ್ಟೆಂಬರಿನಲ್ಲಿ ಷೆಡ್ಡಿಗೆ ಬರುತ್ತಿತ್ತು. ಸಿಲಿಂಡರ್, ಕಂಬಳಿ, ಬೆಳ್ಳಿಕಾಗದ ಎಲ್ಲವನ್ನೂ ಇಲ್ಲಿಯ ಗ್ಯಾಸ್ ಅಂಗಡಿಯವನ ಹತ್ತಿರ, ಪಕ್ಕದ ಮನೆಯವರ ಹತ್ತಿರ ಕೇಳಿ ಎಜಿಯೊನ ಬಾಯಲ್ಲಿ ಹೇಳಿಸಿದೆ.

ಆದರೆ ಕಿಂಡಿಯ ಮಾತು ಅವನದೇ. ಅದೊಂದು ನಿಜ. ನೀಲಿ ಬಣ್ಣದ ಅಕ್ಷರ ಅವನ ಕೈಯದು. ಬೇಸಿಗೆಯಾಗಲಿ ಚಳಿಯಾಗಲಿ, ಉರಿ ಹಚ್ಚಿದರೆ ಆ ಕಿಂಡಿ ತೆರೆದಿರಲೇಬೇಕು. ಗೋಯ್ಕೊ ಹೋದದ್ದು ಆ ಗಾಳಿಯಿಂದಲ್ಲ. ನನ್ನ ಬೇರೆ ಮಾತುಗಳನ್ನೆಲ್ಲ ಬೆಂಕಿಗೆ ಹಾಕು, ಇದೊಂದನ್ನು ನಂಬು.

ನೀನು ಅಲ್ಲಿ ಒಬ್ಬಳೇ ಇರಬೇಡ. ಇಲ್ಲಿಗೆ ಬಾ. ಮೇಲಿನ ಕೋಣೆ ಖಾಲಿ ಇದೆ, ಒಲೆ ಇದೆ. ರುಮೆಂಕಾಳಿಗೂ ಏನಾದರೂ ಏರ್ಪಾಡು ಮಾಡೋಣ.

ನಿನ್ನ ಅಕ್ಕ,
ನಿವೆಸ್

•

ಸ್ಟಾರಿ ದ್ರೆನ್
9 ಮಾರ್ಚ್ 2021

ಗೌರವಾನ್ವಿತ ನಿವೆಸ್ ಅವರಿಗೆ,

ನಿಮ್ಮ ಕಾಗದ ಬಂತು. ನಿಜ ಹೇಳಿದ್ದಕ್ಕೆ ವಂದನೆಗಳು.

ನನಗೆ ಸಿಟ್ಟಿಲ್ಲ. ಸಿಟ್ಟು ಮಾಡಲು ಮೈಯಲ್ಲಿ ಬಿಸಿ ಬೇಕು. ಆದರೆ ಒಂದು ಲೆಕ್ಕ ನನಗೆ ಹತ್ತುತ್ತಿಲ್ಲ. ಬೇಸಿಗೆ ಮಾತ್ರ ಕಂಡ ಮನುಷ್ಯ, ಅವನೂ ಮಣ್ಣಿನಡಿಯಲ್ಲಿರುವವನು, ಅವನ ಮಾತು ಕೇಳಿ ನಾನು ನನ್ನ ಗಂಡನ ತಲೆಯನ್ನು ಪ್ರೊಮಾಯಾದಲ್ಲಿ ಇಟ್ಟೆ. ಅವನು ಕೇಳಿಕೊಂಡ, ನಾನು ಕೊಡಲಿಲ್ಲ. ಕಾಲೊರಸು ಎಳೆಯುವುದಕ್ಕೆ ಒಂದು ಕೈ ಚಾಚಿದರೆ ಸಾಕಿತ್ತು. ನನ್ನ ಅತ್ತೆಗೆ ಗೊತ್ತಿತ್ತು, ಅಮ್ಮನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿದ್ದವರು ನಾವು. ನಂಬಿದ್ದು ನಿಮ್ಮನ್ನು. ಇದೊಂದನ್ನು ನಂಬು ಅಂತ ಈಗಲೂ ಬರೆದಿದ್ದೀರಿ. ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ಆರಿಸಿಕೊಂಡು ಕೂರುವಷ್ಟು ಶಕ್ತಿ ನನ್ನಲ್ಲಿಲ್ಲ.

ರುಮೆಂಕಾಳನ್ನು ಗೋಯ್ಕೊನ ತಮ್ಮನ ಮಗ ಕೆಳಗಿನ ಊರಿಗೆ ಹೊಡೆದುಕೊಂಡು ಹೋದ. ತಿರುವಿನವರೆಗೂ ಹಿಂದಿರುಗಿ ನೋಡುತ್ತಲೇ ಇತ್ತು.

ಇಲ್ಲಿ ಮತ್ತೆ ಹಿಮ ಶುರುವಾಗಿದೆ. ನಿನ್ನೆ ನಾನು ಕಿಂಡಿ ಮುಚ್ಚಿದೆ. ಗೋಯ್ಕೊನ ಉಣ್ಣೆ ಟೋಪಿ ಅದಕ್ಕೆ ಸರಿಯಾಗಿ ಹೊಂದಿತು, ಅಳತೆ ಕೊಟ್ಟು ಹೆಣೆಸಿದ ಹಾಗೆ. ಚಾವಣಿಯ ಮುಚ್ಚಳ ಎಳೆದು ನೀವು ಕಳಿಸಿದ ಉಣ್ಣೆ ಹೊದಿಕೆಯನ್ನು ಸಂದಿಗೆ ಒತ್ತಿದ್ದೇನೆ. ಒಲೆಯ ಎರಡೂ ಉರಿ ಹಚ್ಚಿದೆ. ಬೆಚ್ಚಗಾಯಿತು. ಭೂಕಂಪವಾದ ಮೇಲೆ ಮೊದಲ ಸಲ ನಿದ್ದೆ ಮಾಡಿದೆ. ಬೆಳಿಗ್ಗೆ ಸ್ವಲ್ಪ ತಲೆನೋವಿತ್ತು, ಅತ್ತದ್ದಕ್ಕೆ ಇರಬೇಕು. ಅವನಿಗೆ ಕೊಡದ ಬಿಸಿ ನನಗ್ಯಾಕೆ ಅನ್ನಿಸುತ್ತದೆ, ಆದರೂ ಹಚ್ಚುತ್ತೇನೆ. ಒಬ್ಬಳೇ ಇದ್ದಾಗ ಚಳಿ ಹೆಚ್ಚು.

ನೀವು ಬರುವುದು ಬೇಡ, ನಾನೂ ಬರುವುದಿಲ್ಲ. ಈಸ್ಟರ್ ಕಳೆದ ಮೇಲೆ ನಿಮ್ಮ ಗಾಡಿಯನ್ನು ತೆಗೆದುಕೊಂಡು ಹೋಗಬಹುದು. ಪರದೆಗಳನ್ನು ಒಗೆದಿದ್ದೇನೆ.

ಇಂತಿ,
ಸಾವ್ಕಾ

•

ಫಜಾನಾ
15 ಮಾರ್ಚ್ 2021

ಸಾವ್ಕಾ,

ಮೊದಲು ಬಾಗಿಲು ತೆಗಿ, ಆಮೇಲೆ ಓದು.

ನಿನ್ನ ಕಾಗದ ಈಗ ಬಂತು. ಲಕೋಟೆಯ ಮೇಲಿನ 'ಗೌರವಾನ್ವಿತ' ನೋಡಿ ಅಂಚೆ ಪೆಟ್ಟಿಗೆಯ ಹತ್ತಿರವೇ ಒಡೆದೆ. ನಿಂತಲ್ಲೇ ಓದಿದೆ. ನಿನಗೆ ಫೋನು ಮಾಡುವಂತಿಲ್ಲ. ನಿಮ್ಮ ಪೇಟೆಯ ಅಂಚೆ ಕಚೇರಿಗೆ ಮಾಡಿದೆ. ಟೊಮೊನನ್ನು ಕರೆದು ಕೊಟ್ಟರು. ಅವನು ಏನೂ ಗೊತ್ತಿಲ್ಲದೆ ಆರಾಮಾಗಿ ಮಾತಾಡಿದ.

'ಓ, ಸಮುದ್ರದ ನೆಂಟರಾ? ಸಾವ್ಕಮ್ಮ ಚೆನ್ನಾಗಿದಾರೆ, ಮಲಗಿರ್ತಾರೆ ಪಾಪ. ಶುಕ್ರವಾರ ಪಿಂಚಣಿ ಕೊಡೋಕೆ ಹೋಗಿದ್ದೆ, ಬಾಗಿಲು ಬಡಿದೆ, ತೆಗೀಲಿಲ್ಲ. ಕಿವಿ ಕೇಳ್ಸಲ್ಲ ನೋಡಿ. ಪರದೆ ಹಿಂದೆ ಬೆಳಕಿತ್ತು. ಸೋಮವಾರ, ಅಂದ್ರೆ ಇವತ್ತು, ಮತ್ತೆ ಹೋಗೋಣ ಅಂತ ವಾಪಸ್ ಬಂದ್ಬಿಟ್ಟೆ.'

'ಗಾಡಿಯ ಸುತ್ತ ಹೆಜ್ಜೆ ಇತ್ತಾ?' ಅಂದೆ.

'ಹೆಜ್ಜೆ?' ಅಂದ. 'ಇಲ್ಲ. ಹಿಮ ಹಾಗೇ ಇತ್ತು. ಮೆಟ್ಟಿಲ ಮೇಲೂ ಹಾಗೇ ಇತ್ತು. ಬೆಕ್ಕು ಹೊರಗೆ ಕೂತಿತ್ತು.'

ಕಿಟಕಿ ಒಡೆ ಅಂದೆ, ಕೂಗಿದೆ. ಜೀಪು ಹತ್ತಿ ಹೊರಟ, ಬಾಗಿಲು ಹಾಕಿದ ಸದ್ದು ಫೋನಿನಲ್ಲೇ ಕೇಳಿಸಿತು. ಹೋಗಿ ನೋಡಿ ಫೋನು ಮಾಡುತ್ತೇನೆ ಎಂದಿದ್ದಾನೆ. ಅಲ್ಲಿಯವರೆಗೆ ಕೈಗೆ ಬೇರೆ ಕೆಲಸವಿಲ್ಲ, ನಿನಗೆ ಬರೆಯುತ್ತಿದ್ದೇನೆ.

'ಹೌದು' ಎಂಬ ಕಾಗದ ಇನ್ನೂ ಮೇಜಿನ ಮೇಲಿದೆ, ಅಂಟಿಸಿದ ಲಕೋಟೆಯಲ್ಲಿ. ಅದನ್ನು ಕಳಿಸಿದ್ದರೆ ನೀನು ಎಜಿಯೊನನ್ನು ನಂಬಿಕೊಂಡು ಕಿಂಡಿ ತೆರೆದಿಟ್ಟು ಚಳಿಯಲ್ಲಿ ನಡುಗುತ್ತ ಬದುಕಿರುತ್ತಿದ್ದೆ. ನಿಜ ಹೇಳಿ ಹಗುರಾಗಬೇಕೆಂದು ನನಗೆ ಆಸೆಯಾಯಿತು. ಹಗುರಾದೆ. ಭಾರವನ್ನು ನಿನ್ನ ತಲೆಗೆ ಹಾಕಿದೆ. ನಿನಗೆ ಬೇಕಾಗಿದ್ದದ್ದು ಒಂದೇ ಒಂದು ಪದ, ಸಾವ್ಕಾ. ಅದನ್ನು ಬರೆಯಲು ಬರುತ್ತಿತ್ತು ನನಗೆ. ಒಂದೂವರೆ ತಿಂಗಳು ಬರೆದಿದ್ದೆನಲ್ಲ.

ಮೇಲಿನ ಕೋಣೆಗೆ ಹಾಸಿಗೆ ಹಾಕಿದ್ದೇನೆ. ಹಾಸಿಗೆಯ ಅಡಿಗೆ ನೀನು ಹೇಳಿದ ಹಾಗೆ ಹೇಜಲ್ ಬರಲು ಹೆಣೆದು ಹಾಕಬೇಕು ಅಂದುಕೊಂಡೆ. ಇಲ್ಲಿ ಹೇಜಲ್ ಬೆಳೆಯುವ ಜಾಗ ಎಲ್ಲಿದೆಯೋ ನನಗೆ ಗೊತ್ತಿಲ್ಲ. ನೀನು ಬಂದು ಹುಡುಕಿಕೊಡು.

ಫೋನು ಹೊಡೆದುಕೊಳ್ಳುತ್ತಿದೆ.

ಎತ್ತುತ್ತಿಲ್ಲ. ಟೊಮೊನೇ ಇರಬೇಕು, ಇಷ್ಟು ಬೇಗ. ಎಜಿಯೊನನ್ನು ಕಾಗದದ ಮೇಲೆ ಒಂದೂವರೆ ತಿಂಗಳು ಬದುಕಿಸಿಟ್ಟೆ, ನಿನ್ನನ್ನು ಇನ್ನು ಎರಡು ಸಾಲು ಇಟ್ಟುಕೊಳ್ಳುತ್ತೇನೆ. ನೀನು ಎದ್ದಿದ್ದೀಯ. ತಲೆ ಸಿಡಿಯುತ್ತಿದೆ ಎಂದು ಗೊಣಗುತ್ತಿದ್ದೀಯ. ಬಗ್ಗಿ ಗೋಯ್ಕೊನ ಟೋಪಿಯನ್ನು ಕಿಂಡಿಯಿಂದ ಎಳೆದು, ಕೊಡವಿ, ನಿನ್ನ ತಲೆಗೇ ಹಾಕಿಕೊಂಡಿದ್ದೀಯ.

ಇನ್ನೂ ಹೊಡೆದುಕೊಳ್ಳುತ್ತಲೇ ಇದೆ.

ನಿನ್ನ ಅಕ್ಕ,
ನಿವೆಸ್